ಯೂರಿಡಿಸಿ ಕೆಮ್ಮಿದಳು

ಹೆಂಡತಿಯ ಕಾದಂಬರಿಯನ್ನು ಓದಿದ್ದೇನೆ ಎಂದು ಹೇಳಿ ಒಂದು ವಾರವಾಗಿತ್ತು; ಇನ್ನು ಓದದೆ ಉಪಾಯವಿರಲಿಲ್ಲ. ಬಿ.ಸಿ.ರೋಡಿನಲ್ಲಿ ಮೂಡುಬಿದಿರೆಯ ಬಸ್ಸು ಹತ್ತಿ, ಡ್ರೈವರನ ಹಿಂದಿನ ಕಿಟಕಿಯ ಸೀಟು ಹಿಡಿದ ಶಿವಸುಬ್ರಹ್ಮಣ್ಯ ಮಾಸ್ಟರು ಚೀಲದಿಂದ ಪುಸ್ತಕ ಹೊರತೆಗೆಯುವ ಮೊದಲು ಸುತ್ತ ಒಮ್ಮೆ ಕಣ್ಣಾಡಿಸಿದರು. ಪರೀಕ್ಷೆಯ ದಿನ ಚೀಟಿ ತೆಗೆಯುವ ಹುಡುಗರು ಹೀಗೆಯೇ ನೋಡುತ್ತಿದ್ದುದು, ಹಾಗೆ ನೋಡಿದ್ದರಿಂದಲೇ ತಾನು ಅವರನ್ನು ಹಿಡಿಯುತ್ತಿದ್ದುದು ಎಂದು ನೆನಪಾಗಿ ಕತ್ತನ್ನು ತಟ್ಟನೆ ನೇರ ಮಾಡಿಕೊಂಡರು. 'ಹಿಂದೆ ಬಂದವಳು' ಎಂದು ಹೆಸರು, ಕೆಳಗೆ ಶ್ರೀಮತಿಯ ಹೆಸರು. ಮುಖಪುಟದಲ್ಲಿ ಕತ್ತಲೆಯ ಮೆಟ್ಟಿಲು ಹತ್ತುವ ಗಂಡಸಿನ ಬೆನ್ನು. ಆ ಬೆನ್ನು ಸ್ವಲ್ಪ ಬಾಗಿತ್ತು. ಮಾಸ್ಟರು ಸೀಟಿಗೆ ಒರಗಿ ತಮ್ಮ ಬೆನ್ನನ್ನೂ ನೇರ ಮಾಡಿಕೊಂಡರು.

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಮೊದಲ ಪ್ರತಿ ಬಂದ ದಿನ ಶ್ರೀಮತಿ ಅದನ್ನು ಸೆರಗಿನಲ್ಲಿ ಒರೆಸಿ ಅವರ ದಿಂಬಿನ ಪಕ್ಕ ಇಟ್ಟಿದ್ದಳು. 'ಸತ್ತ ಮೇಲೆ ಮೊದಲು ಗೊತ್ತಾಗುವುದು, ಇನ್ನು ಯಾರೂ ಕರೆಯುವುದಿಲ್ಲ ಎಂಬುದು' ಎಂಬ ಮೊದಲ ವಾಕ್ಯ ಓದಿ, ಪರವಾಗಿಲ್ಲವಲ್ಲ ಎಂದುಕೊಳ್ಳುವಷ್ಟರಲ್ಲಿ ನಿದ್ದೆ ಬಂದಿತ್ತು. ಮರುದಿನ ಕಾಫಿ ಕೊಡುತ್ತಾ "ಹೇಗುಂಟು?" ಎಂದಳು. "ಚೆನ್ನಾಗಿ ಬಂದಿದೆ." "ಯಾವುದು?" "ಎಲ್ಲ." ಅವಳು ಒಂದು ಗಳಿಗೆ ಅವರನ್ನೇ ನೋಡಿ ಒಳಗೆ ಹೋದಳು. ಮೂವತ್ತು ವರ್ಷಗಳ ಮಾಸ್ಟರಿಕೆಯಲ್ಲಿ ಓದದ ಪ್ರಬಂಧಗಳ ಕೆಳಗೆ ತಾನು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದುದು ಇದೇ 'ಚೆನ್ನಾಗಿ ಬಂದಿದೆ' ಎಂಬುದು ಆಮೇಲೆ ಹೊಳೆದು, ಆ ಮಕ್ಕಳೆಲ್ಲ ಎಲ್ಲೋ ಒಟ್ಟಾಗಿ ನಗುತ್ತಿರುವ ಹಾಗೆ ಕೇಳಿಸಿತ್ತು. ಪಿಯು ಕಾಲೇಜಿನಲ್ಲಿ ಚರಿತ್ರೆ ಕಲಿಸಿ ಸ್ವಯಂ ನಿವೃತ್ತಿ ಪಡೆದ ಶ್ರೀಮತಿ ಗ್ರೀಕರ ಕಥೆ ಬರೆಯುತ್ತೇನೆಂದಾಗ, "ನಮ್ಮಲ್ಲಿ ಸಾವಿತ್ರಿ ಇಲ್ವಾ? ಗ್ರೀಸಿನವರೆಗೆ ಯಾಕೆ ಹೋಗ್ಬೇಕು?" ಎಂದು ಕೇಳಿದವರೂ ಅವರೇ. "ಸಾವಿತ್ರಿಯನ್ನು ಬರೆದ್ರೆ ಹೇಗೆ ಬರೀಬೇಕು ಅಂತ ಊರವರೆಲ್ಲ ಹೇಳಿಕೊಡ್ತಾರೆ. ಈ ಯೂರಿಡಿಸಿಯ ಗುರುತು ಇಲ್ಲಿ ಯಾರಿಗೂ ಇಲ್ಲ. ನಾನು ಆರಾಮದಲ್ಲಿ ಬರೀತೇನೆ," ಎಂದಿದ್ದಳು.

ಅವಳು ಬೆಳಿಗ್ಗೆಯೇ ಮಗಳ ಕಾರಿನಲ್ಲಿ ಮೂಡುಬಿದಿರೆಗೆ, ಪುಸ್ತಕ ಬಿಡುಗಡೆಯ ಸಭೆಗೆ ಹೋಗಿಯಾಗಿತ್ತು. ಬೆಳ್ತಂಗಡಿಯಲ್ಲಿ ವಕೀಲಿ ಮಾಡುವ ಶುಭಶ್ರೀ ಹಿಂದಿನ ದಿನವೇ ಬಂದು, ಹಿಂದಿನ ಸೀಟಿನ ತುಂಬ ಪುಸ್ತಕದ ಕಟ್ಟುಗಳನ್ನು ಒಟ್ಟಿ, "ಅಪ್ಪ, ಮಡಿಲಲ್ಲಿ ಒಂದು ಕಟ್ಟು ಇಟ್ಟುಕೊಂಡ್ರೆ ನಿಮಗೂ ಜಾಗ ಆಗ್ತದೆ," ಎಂದಿದ್ದಳು. ಮಡಿಲಲ್ಲಿ ಕಟ್ಟು ಹೊತ್ತು ಸಭೆಯ ಮುಂದೆ ಇಳಿಯುವುದನ್ನು ಊಹಿಸಿಕೊಂಡು, "ಗಂಟಲು ಸ್ವಲ್ಪ ಸರಿ ಮಾಡ್ಲಿಕ್ಕುಂಟು, ಬಸ್ಸಲ್ಲಿ ಬರ್ತೇನೆ," ಎಂದರು ಮಾಸ್ಟರು. ಗಂಟಲಿನ ಮಾತು ಪೂರ್ತಿ ಸುಳ್ಳಲ್ಲ. ಬಿಡುಗಡೆಯ ಆಮಂತ್ರಣದಲ್ಲಿ ಲೇಖಕಿಯ ಹೆಸರಿಗಿಂತಲೂ ಮೇಲೆ, ಎಲ್ಲಕ್ಕೂ ಮೊದಲು, 'ಪ್ರಾರ್ಥನೆ: ಶ್ರೀ ಶಿವಸುಬ್ರಹ್ಮಣ್ಯ, ನಿವೃತ್ತ ಮುಖ್ಯೋಪಾಧ್ಯಾಯರು' ಎಂದು ಅಚ್ಚಾಗಿತ್ತು. ಬಂಟ್ವಾಳದ ಸುತ್ತಿನಲ್ಲಿ ಸಭೆ ಎಂದರೆ ಅವರ ಪ್ರಾರ್ಥನೆ. ತಾನೇ ಬರೆದು ಮೋಹನ ರಾಗದಲ್ಲಿ ಕೂರಿಸಿದ ಗಣಪತಿ ಸ್ತುತಿ, ನಾಲ್ಕು ಚರಣ. ಪ್ರತಿ ಚರಣದ ಕೊನೆಗೂ ಪಲ್ಲವಿಗೆ ಮರಳಬೇಕು, ಮರಳುವಾಗ ಸ್ವಲ್ಪ ಆಲಾಪ ಮಾಡದಿದ್ದರೆ ರಾಗಕ್ಕೆ ಅವಮಾನ.

"ದುಂಬು ಪೋಲೆ, ದುಂಬು ಪೋಲೆ," ಎಂದು ಕಂಡಕ್ಟರು ನಿಂತವರನ್ನೆಲ್ಲ ಮುಂದಕ್ಕೆ ತಳ್ಳುತ್ತಿದ್ದ. ಬಂಟ್ವಾಳ ಪೇಟೆ ದಾಟಿ ಬಸ್ಸು ಏರು ಹತ್ತುವಾಗ ಮಾಸ್ಟರು ಮೊದಲ ಅಧ್ಯಾಯದ ಒಳಗಿದ್ದರು, ಮತ್ತು ತಮ್ಮ ಆಶ್ಚರ್ಯಕ್ಕೆ, ಅಲ್ಲಿಂದ ಹೊರಬರಲು ಮನಸ್ಸಾಗಲಿಲ್ಲ. ಹಾವು ಕಚ್ಚಿ ಸತ್ತ ಯೂರಿಡಿಸಿ ಪಾತಾಳಕ್ಕೆ ಬಂದಿದ್ದಾಳೆ. ಅಲ್ಲಿ ಬೈಯುವವರಿಲ್ಲ, ಹೊಡೆಯುವವರಿಲ್ಲ, ಏನೂ ಇಲ್ಲ. ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ಅವಳಿಗೆ ತಿಳಿಯುವುದಿಲ್ಲ. ಬೆಳಗಾಗುವ ಮೊದಲೇ ಎದ್ದು ಕೂತು, ಯಾಕೆ ಎದ್ದೆ ಎಂದು ಯೋಚಿಸುತ್ತಾಳೆ. ಧೂಳೇ ಇಲ್ಲದ ಕಲ್ಲುಗಳ ಧೂಳು ಹೊಡೆಯುತ್ತಾಳೆ. ದಾರಿಯಲ್ಲಿ ಸಿಕ್ಕಿದ ನೆರಳುಗಳನ್ನು ನಿಲ್ಲಿಸಿ, ಅವು ಕೇಳದಿದ್ದರೂ, ಬದುಕಿದ್ದಾಗ ತಾನು ಎಷ್ಟು ಕೆಲಸದವಳಾಗಿದ್ದೆ ಎಂದು ಹೇಳುತ್ತಾಳೆ. ನೆರಳುಗಳು ತಲೆಯಾಡಿಸಿ ಜಾರಿಕೊಳ್ಳುತ್ತವೆ. ಮಾಸ್ಟರಿಗೆ ಕಣ್ಣು ಒದ್ದೆಯಾಯಿತು. ಪಾಪ, ಹೆಂಗಸರ ಕಷ್ಟ ಹೆಂಗಸರಿಗೇ ಗೊತ್ತು, ಎಂದು ಉದಾರವಾಗಿ ನಿಟ್ಟುಸಿರು ಬಿಟ್ಟರು. ಆಮೇಲೆ, ಇದರಲ್ಲಿ ಗಂಡ ಯಾವಾಗ ಬರುತ್ತಾನೆ ಎಂದು ಪುಟ ಹಾರಿಸತೊಡಗಿದರು. ಗಂಡ ಹಾಡುಗಾರ ಎಂಬುದು ಮಾತ್ರ ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ಅದರ ಬಗ್ಗೆ ಒಳಗೊಳಗೆ ಒಂದು ನಿರೀಕ್ಷೆಯೂ ಇತ್ತು.

ಅರುವತ್ತೆಂಟನೇ ಪುಟದಲ್ಲಿ ಅವನು ಸಿಕ್ಕಿದ. 'ಅವನ ಹಾಡಿಗೆ ಪಾತಾಳ ಕರಗಿತು ಎಂದು ಮೇಲಿನವರು ಹೇಳಿಕೊಂಡು ತಿರುಗುತ್ತಾರಂತೆ. ಕರಗಲಿಲ್ಲ. ಮೊದಲು ಎದ್ದು ಹೋದದ್ದು ಬಾಗಿಲಿನ ಮೂರು ತಲೆಯ ನಾಯಿ. ಅದಕ್ಕೆ ಕಿವಿ ಆರಲ್ಲವೇ? ಸತ್ತವರು ಎರಡನೆಯ ಸಲ ಸಾಯಲು ದಾರಿ ಉಂಟೇ ಎಂದು ಒಬ್ಬರನ್ನೊಬ್ಬರು ವಿಚಾರಿಸಿದರು. ರಾಜ ರಾಣಿಯ ಕಡೆಗೆ ಬಾಗಿ, ಏನು ಕೇಳುತ್ತಾನೋ ಕೊಟ್ಟು ಕಳಿಸುವ, ಎಂದ. ಇನ್ನೂ ಎರಡು ಚರಣ ಬಾಕಿ ಇತ್ತು.'

ಮಾಸ್ಟರು ಪುಸ್ತಕ ಮುಚ್ಚಿದರು. ಬೆರಳು ಒಳಗೇ ಉಳಿಯಿತು. ಕಿಟಕಿಯ ಹೊರಗೆ ಒಂದು ರಬ್ಬರ್ ತೋಟ ಓಡುತ್ತಿತ್ತು. ಪ್ರತಿ ಮರದ ಎದೆಗೂ ಒಂದೊಂದು ಚಿಪ್ಪು ಕಟ್ಟಿಕೊಂಡು ಮರಗಳು ಸಾಲಾಗಿ ನಿಂತು ಅವರನ್ನು ನೋಡಿದವು. ಮದುವೆಯಾದ ಹೊಸತರಲ್ಲಿ ತಾನು ಹಾಡುತ್ತಿದ್ದರೆ ಶ್ರೀಮತಿ ಎದ್ದು ಒಳಗೆ ಹೋಗುತ್ತಿದ್ದುದು ಹಾಲು ಉಕ್ಕೀತೆಂದು. ಹಾಗೆಂದು ಅವಳೇ ಹೇಳಿದ್ದು. ಹಾಡಿದಾಗಲೆಲ್ಲ ಉಕ್ಕುವಷ್ಟು ಹಾಲು ಮನೆಯಲ್ಲಿ ಎಲ್ಲಿತ್ತು? ನಾದಿನಿಯ ಮದುವೆಯಲ್ಲಿ ಮೂರನೆಯ ಚರಣಕ್ಕೆ ಕರೆಂಟು ಹೋದದ್ದು, ಮೈಕಿಲ್ಲದಿದ್ದರೂ ತಾನು ಮುಂದುವರಿಸಿದ್ದು, ಆಮೇಲೆ ಮೈನ್ ಸ್ವಿಚ್ಚಿನ ಹತ್ತಿರದಿಂದ ಇವಳು ಸೆರಗು ಸರಿಮಾಡಿಕೊಳ್ಳುತ್ತಾ ಬಂದದ್ದು, ಛೇ, ಹಾಗಿರಲಾರದು.

"ಎಂಚ ಉಲ್ಲರ್ ಮಾಸ್ಟ್ರೆ?" ಎಂದು ತುಳುವಿನಲ್ಲಿ ಕ್ಷೇಮ ಕೇಳುತ್ತಾ, ಸಿದ್ಧಕಟ್ಟೆಯಲ್ಲಿ ಹತ್ತಿದ ಮಹಮ್ಮದ್ ಕುಂಞಿ ಪಕ್ಕದಲ್ಲಿ ಕೂತಾಗ ಸೀಟು ಒಮ್ಮೆ ತಗ್ಗಿ ಎದ್ದಿತು. ಜವಳಿ ಅಂಗಡಿಯ ಯಜಮಾನ. ಮಕ್ಕಳು ಮಾಸ್ಟರ ಶಾಲೆಯಲ್ಲಿ ಓದುವಷ್ಟು ಕಾಲವೂ ಪೋಷಕರ ಸಂಘದ ಅಧ್ಯಕ್ಷನಾಗಿದ್ದವನು. "ಓದ್ತಾ ಇದ್ದೀರಾ? ಅಕ್ಕ ಬರೆದದ್ದಾ? ಪೇಪರಲ್ಲಿ ನೋಡಿದೆ. ಎಂತ ಕಥೆ?" ಬೇರೆ ದಾರಿ ಕಾಣದೆ ಮಾಸ್ಟರು ಹೇಳಿದರು: ಹೆಂಡತಿ ಸಾಯುತ್ತಾಳೆ, ಗಂಡ ಪಾತಾಳಕ್ಕೆ ಹೋಗಿ ಹಾಡುತ್ತಾನೆ, ರಾಜ ಅವಳನ್ನು ಬಿಟ್ಟುಕೊಡುತ್ತಾನೆ, ಆದರೆ ಮೇಲೆ ಮುಟ್ಟುವವರೆಗೆ ಹಿಂದೆ ತಿರುಗಿ ಅವಳನ್ನು ನೋಡಬಾರದು.

"ಕೈ ಹಿಡ್ಕೊಂಡು ಬರ್ಲಿಕ್ಕೆ ಎಂತ? ನೋಡ್ಬಾರ್ದು ಅಂತ ಹೇಳಿದ್ದು, ಹಿಡೀಬಾರ್ದು ಅಂತ ಹೇಳಿದ್ದಾರಾ?"

ಇದು ಮಾಸ್ಟರಿಗೆ ಹೊಳೆದಿರಲಿಲ್ಲ. ಗ್ರೀಕರಿಗೂ ಹೊಳೆದ ಹಾಗಿಲ್ಲ. "ಹಿಡಿಯಲಿಲ್ಲ," ಎಂದರು.

"ಮತ್ತೆ?"

ಮತ್ತೆ ಏನೆಂದು ಹುಡುಕುತ್ತಾ ಪುಟ ತಿರುಗಿಸಿದರು. ಗಂಡ ಆರ್ಫಿಯಸ್ ಮುಂದೆ, ಅವಳು ಹಿಂದೆ, ಮೆಟ್ಟಿಲು ಮೆಟ್ಟಿಲು. ಮೇಲೆ ಬೆಳಕಿನ ಒಂದು ತೂತು. 'ಅಲ್ಲಿ ಪುನಃ ಎಲ್ಲವೂ ಇರುತ್ತದೆ: ಕರೆಯುವವರು, ಕಾಯುವವರು, ಹೊಗಳುವವರು. ಇಲ್ಲಿ ನನಗೆ ಈಗಷ್ಟೇ ಸುಮ್ಮನಿರುವುದು ಬಂದಿದೆ. ಆ ಬೆನ್ನು ಒಮ್ಮೆಯೂ ಅನುಮಾನಪಡಲಿಲ್ಲ. ನಾನು ಸೆರಗನ್ನು ಬಾಯಿಗೆ ಹಿಡಿದು, ಮೆಲ್ಲಗೆ, ಅವನಿಗೆ ಮಾತ್ರ ಕೇಳುವಷ್ಟು, ಕೆಮ್ಮಿದೆ.'

"ಅವಳು ಕೆಮ್ಮಿದಳು," ಎಂದರು ಮಾಸ್ಟರು. ಅವರ ದನಿ ಅವರಿಗೇ ಅಪರಿಚಿತವಾಗಿತ್ತು. "ಇವನು ತಿರುಗಿ ನೋಡಿದ. ಅವಳು ವಾಪಸು ಹೋದಳು."

"ಶೀತ ಇರ್ಬೇಕು. ಅಡಿಯಲ್ಲಿ ಥಂಡಿ ಅಲ್ವಾ," ಎಂದ ಕುಂಞಿ. ಒಂದು ತಿರುವು ಕಳೆದ ಮೇಲೆ ಪ್ರೀತಿಯಿಂದ ಅವರ ತೊಡೆ ತಟ್ಟಿದ. "ಒಂದು ಹೇಳ್ತೇನೆ ಮಾಸ್ಟ್ರೆ. ನಿಮ್ಮ ಪ್ರಾರ್ಥನೆ ಅಂದ್ರೆ ನಂಗೆ ಭಾರಿ ಧೈರ್ಯ. ವಾರ್ಷಿಕೋತ್ಸವಕ್ಕೆ ಅಂಗಡಿ ಮುಚ್ಚಿ, ಮನೆಗೆ ಹೋಗಿ, ಸ್ನಾನ ಮಾಡಿ ಎಷ್ಟು ಲೇಟಲ್ಲಿ ಬಂದ್ರೂ ಅದು ಮುಗಿದದ್ದು ಅಂತ ಇಲ್ಲ."

ಮೂಡುಬಿದಿರೆಯಲ್ಲಿ ಇಳಿದು ಸಭಾಭವನದ ಕಡೆ ನಡೆಯುವಾಗ ಮಾಸ್ಟರಿಗೆ ಎದುರು ಬಂದವರೆಲ್ಲರೂ ಅರುವತ್ತೆಂಟನೇ ಪುಟ ಓದಿದವರ ಹಾಗೆ ಕಂಡರು. ಬೇಕರಿಯ ಹುಡುಗಿ ನಕ್ಕಳು. ಅವಳು ಫೋನಿನಲ್ಲಿ ಮಾತಾಡುತ್ತಿದ್ದಳು ಎಂಬುದು ಆಮೇಲೆ ತಿಳಿಯಿತು. ಬಾಗಿಲಲ್ಲೇ ಶುಭಶ್ರೀ ನಿಂತಿದ್ದಳು. "ಅಪ್ಪ, ಮುಖ ಯಾಕೆ ಹಾಗುಂಟು? ಪುಸ್ತಕ ಪೂರ್ತಿ ಓದಿದ್ದೀರಲ್ಲ?" ಮಗಳು ನ್ಯಾಯಾಲಯದಲ್ಲಿ ಹೀಗೆಯೇ, ಉತ್ತರ ಗೊತ್ತಿದ್ದೇ ಪ್ರಶ್ನೆ ಕೇಳುವುದು. "ಓದಿದೆ." "ಯಾವುದು ಇಷ್ಟ ಆಯ್ತು?" "ನಾಯಿ," ಎಂದು ಹೇಳಿ ಮಾಸ್ಟರು ಒಳಗೆ ಹೋದರು. ವೇದಿಕೆಯ ಮೇಲೆ ಶ್ರೀಮತಿ ಹಸಿರು ಸೀರೆಯಲ್ಲಿ, ನೀರಿನ ಬಾಟ್ಲಿಯ ಮುಚ್ಚಳವನ್ನು ತೆಗೆಯುತ್ತಾ ಹಾಕುತ್ತಾ ಕೂತಿದ್ದಳು. ಅವರನ್ನು ಕಂಡದ್ದೇ ಅವಳ ಮುಖ ಸಡಿಲವಾಯಿತು. ಆ ಸಡಿಲವನ್ನು ಮಾಸ್ಟರು ಈಗ ಹೊಸದಾಗಿ, ಅನುಮಾನದಿಂದ ನೋಡಿದರು.

ಅವರ ಹೆಸರು ಕರೆದರು. ಮೈಕಿನ ಮುಂದೆ ನಿಂತು, ಕಣ್ಣು ಮುಚ್ಚಿ, ಶ್ರುತಿ ಹಿಡಿದು ಪಲ್ಲವಿ ಎತ್ತಿದರು. ಜೀವಮಾನದಲ್ಲಿ ಮೊದಲ ಸಲ ಆ ಹಾಡು ಅವರಿಗೆ ಕೇಳಿಸಿತು. ಇಷ್ಟು ವರ್ಷ ಅವರು ಹಾಡುತ್ತಿದ್ದರು, ಕೇಳುತ್ತಿದ್ದವರು ಬೇರೆಯವರು. ಈಗ ಯಾರೋ ಅವರನ್ನು ಎತ್ತಿ ಮೂರನೇ ಸಾಲಿನ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದಂತಾಗಿತ್ತು. ಅಲ್ಲಿಂದ ನೋಡಿದರೆ ವೇದಿಕೆಯಲ್ಲಿ ಒಬ್ಬ ಮುದುಕ ಕತ್ತಿನ ನರ ಉಬ್ಬಿಸಿಕೊಂಡು 'ಗಣಪತಿಯೇ' ಎಂಬಲ್ಲಿನ ಯೇಕಾರವನ್ನು ಹಗ್ಗದಂತೆ ಎಳೆಯುತ್ತಿದ್ದ. ಹಗ್ಗದ ಇನ್ನೊಂದು ತುದಿಯಲ್ಲಿ ಗಣಪತಿ ಬರಲೊಲ್ಲದೆ ಕಾಲೂರಿ ನಿಂತಿದ್ದ. ಇನ್ನು ನಾಲ್ಕು ಚರಣ ಉಂಟು ಎಂದು ಆ ಕುರ್ಚಿಯವನಿಗೆ ನೆನಪಾಗಿ ಗಾಬರಿಯಾಯಿತು. ಪಲ್ಲವಿ ಮುಗಿದಲ್ಲಿಗೆ ಮಾಸ್ಟರು ಕೈಮುಗಿದು ಕೆಳಗಿಳಿದರು. ಒಂದು ಕ್ಷಣ ಸಭೆಗೆ ಏನೂ ಅರ್ಥವಾಗಲಿಲ್ಲ. ಆಮೇಲೆ ಚಪ್ಪಾಳೆ ಬಿತ್ತು. ಪ್ರಾರ್ಥನೆಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಇವರು ಮನಸಾರೆ ತಟ್ಟಿದರು. "ಇವತ್ತು ಭಾರಿ ಲಾಯ್ಕಾಯ್ತು ಸರ್," ಎಂದು ಸಂಘಟಕರು ಅವರ ಎರಡೂ ಕೈ ಹಿಡಿದುಕೊಂಡು ಕುಲುಕಿದರು. ಹೊಗಳಿಕೆಯಲ್ಲಿ ಇಷ್ಟು ನೋವು ಉಂಟೆಂದು ಮಾಸ್ಟರಿಗೆ ಗೊತ್ತಿರಲಿಲ್ಲ.

ಮುಖ್ಯ ಅತಿಥಿಗಳು ಎದ್ದರು. ಪುಸ್ತಕವನ್ನು ಅವರು ಓದಿಲ್ಲ ಎಂಬುದು ಮಾಸ್ಟರಿಗೆ ಎರಡೇ ವಾಕ್ಯದಲ್ಲಿ ತಿಳಿಯಿತು. ಕಳ್ಳರಿಗೆ ಕಳ್ಳರ ಗುರುತು ಬೇಗ ಸಿಗುತ್ತದೆ. "ಮಹಾತಾಯಿ ಯೂರಿ ಡೈಸಿಯು ಭಾರತೀಯ ನಾರಿಯಲ್ಲದಿದ್ದರೂ..." ಎಂದು ಅವರು ಸಹನೆ, ತ್ಯಾಗಗಳ ಕಡೆಗೆ ಹೊರಟಾಗ, ವೇದಿಕೆಯಲ್ಲಿ ಕುರ್ಚಿ ಸರಿದ ಸದ್ದಾಯಿತು. ಶ್ರೀಮತಿ ಎದ್ದಿದ್ದಳು. ತನ್ನ ಪುಸ್ತಕದ ಬಿಡುಗಡೆಯ ದಿನ, ಮುಖ್ಯ ಅತಿಥಿ ಮಾತಾಡುತ್ತಿರುವಾಗ, ಇಡೀ ಸಭೆ ನೋಡುತ್ತಿರುವ ಹಾಗೆಯೇ, ಸೆರಗು ಸೊಂಟಕ್ಕೆ ಸಿಕ್ಕಿಸಿ ಮೆಟ್ಟಿಲಿಳಿದು ನೇರ ಮುಂದಿನ ಸಾಲಿಗೆ ಬಂದು, "ಏಳಿ," ಎಂದಳು. ಮಾಸ್ಟರು ಎದ್ದರು. ಅಡುಗೆಮನೆಯ ಕಡೆಗೆ ಹೋಗುವ ಓಣಿಯಲ್ಲಿ, ಪೇರಿಸಿಟ್ಟ ಖಾಲಿ ಕ್ರೇಟುಗಳ ಮರೆಯಲ್ಲಿ ಅವರನ್ನು ನಿಲ್ಲಿಸಿದಳು.

"ಎದೆ ನೋವು ಉಂಟಾ?"

"ಇಲ್ಲ."

"ಎಡಗೈ?"

"ಇಲ್ಲ ಅಂದೆನಲ್ಲ."

"ಮತ್ತೆ ಎಂತ ಆಯ್ತು? ನಲ್ವತ್ತು ವರ್ಷದಲ್ಲಿ ಒಂದು ದಿನ ಪಲ್ಲವಿಗೇ ನಿಲ್ಲಿಸಿದ್ದುಂಟಾ ನೀವು? ನನ್ನ ಜೀವ ಹೋಯಿತು ಅಲ್ಲಿ. ಶುಭಳಿಗೆ ಕಾರು ತಿರುಗಿಸಿ ಇಡ್ಲಿಕ್ಕೆ ಹೇಳಿದ್ದೇನೆ."

ಅವಳ ಕೈ ಅವರ ನಾಡಿಯ ಮೇಲಿತ್ತು. ಮಾಸ್ಟರು ಕೈ ಎಳೆದುಕೊಂಡರು. "ನಿನಗೆ ಬೇಕಾದ್ದೇ ಅದಲ್ವಾ? ನಾಯಿ ಕೂಡ ಎದ್ದು ಹೋಯ್ತಲ್ಲ. ಅದಕ್ಕಾದರೂ ಕಾಲು ಉಂಟು, ನೀನು ಪಾಪ, ಇಷ್ಟು ವರ್ಷ ಕೂತು ಕೇಳಿದೆ."

ಶ್ರೀಮತಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಅವಳು ಬಾಯಿಗೆ ಸೆರಗು ಹಿಡಿದಳು. ನಗು ಅದನ್ನೂ ದಾಟಿ ಬಂತು. "ಅಯ್ಯೋ ದೇವರೇ. ಆ ಆರ್ಫಿಯಸ್ ನೀವು ಅಂತ ತಿಳ್ಕೊಂಡಿರಾ? ಅವನು ಲೋಕಕ್ಕೇ ದೊಡ್ಡ ಹಾಡುಗಾರ ಮಾರಾಯ್ರೆ. ಕಲ್ಲು ಮರ ಎಲ್ಲ ಅವನ ಹಿಂದೆ ಹೋಗ್ತಿತ್ತಂತೆ. ಅವನು ನೀವು ಹೇಗೆ ಆಗ್ತೀರಿ?"

"ನಾನೂ ಹಾಡ್ತೇನೆ."

"ಹಾಡ್ತೀರಿ, ಇಲ್ಲ ಅಂತ ಯಾರು ಹೇಳಿದ್ದು? ಆದ್ರೆ ನೀವು ಹಾಡುಗಾರ ಅಂತ..." ಅವಳು ನಿಜವಾಗಿ ನೆನಪು ಮಾಡಿಕೊಳ್ಳಲು ಯತ್ನಿಸಿದಳು. "ಇಲ್ಲ, ನನಗೆ ಹೊಳೆಯಲೇ ಇಲ್ಲ."

ಬಸ್ಸಿನಲ್ಲಿ ಬಿದ್ದ ಪೆಟ್ಟೇ ದೊಡ್ಡದೆಂದು ಮಾಸ್ಟರು ತಿಳಿದಿದ್ದರು. ಓಣಿಯ ಆಚೆ ಯಾರೋ ಸಾರಿಗೆ ಒಗ್ಗರಣೆ ಹಾಕಿದರು. ಇಂಗಿನ ವಾಸನೆ ಬಂದು ಇಬ್ಬರ ನಡುವೆ ನಿಂತಿತು. "ಹಾಗಾದ್ರೆ ನಾನು ಅದರಲ್ಲಿ ಇಲ್ಲವೇ ಇಲ್ಲ," ಎಂದರು. ಇಲ್ಲದಿರುವುದು ಇನ್ನೂ ಕಷ್ಟ ಎಂಬುದು ಹೇಳಿದ ಮೇಲೆ ತಿಳಿಯಿತು.

ಶ್ರೀಮತಿಯ ನಗು ನಿಂತಿತು. ಕ್ರೇಟಿನ ಅಂಚನ್ನು ಉಗುರಿನಿಂದ ಕೆರೆಯುತ್ತಾ, "ಇದ್ದೀರಿ," ಎಂದಳು. "ಅವಳೇ ನೀವು."

"ಯಾರು?"

"ಯೂರಿಡಿಸಿ. ಅವಳ ಮನಸ್ಸು ಹೇಗೆ ಬರೆಯುವುದು ಅಂತ ನನಗೆ ಗೊತ್ತಾಗ್ತಿರಲಿಲ್ಲ. ಆಗ ನೀವು ರಿಟೈರಾಗಿ ಮನೆಗೆ ಬಂದಿರಿ. ಎದ್ದು ಕೂತ್ಕೊಂಡು, ಕೈ ಎಲ್ಲಿ ಇಡುವುದು ಅಂತ ಗೊತ್ತಿಲ್ಲದೆ... ಒಂದು ದಿನ ಇಡೀ ಕಪಾಟಿನ ಧೂಳು ಹೊಡೆದಿರಿ, ನಾನು ಆಗಷ್ಟೇ ಹೊಡೆದಿದ್ದೆ. ಪೋಸ್ಟಿನವನನ್ನು ನಿಲ್ಲಿಸಿ ರಿಸಲ್ಟು ನೂರಕ್ಕೆ ನೂರು ಬಂದ ಕಥೆ ಹೇಳಿದಿರಿ. ನಾನು ಒಳಗೆ ಕೂತು ಬರೆದೆ."

ಮಾಸ್ಟರು ತಮ್ಮ ಎರಡೂ ಕೈಗಳನ್ನು ಮೆಲ್ಲಗೆ ಶಾಲಿನೊಳಗೆ ಸೇರಿಸಿಕೊಂಡರು. ಆಮೇಲೆ, ಪರೀಕ್ಷೆಯಲ್ಲಿ ಕೊನೆಯ ಪ್ರಶ್ನೆ ಕೇಳುವವರಂತೆ ಕೇಳಿದರು: "ಅವಳು ಕೆಮ್ಮಿದ್ದು ಯಾಕೆ?"

"ಆ ಇಂಗ್ಲಿಷ್ ಮೀಡಿಯಂನವರು ಕರೀಲಿಕ್ಕೆ ಬಂದದ್ದು ನೆನಪುಂಟಾ?"

ನೆನಪಿಲ್ಲದೆ ಹೇಗೆ? ಹೊಸದಾಗಿ ಶುರುವಾದ ಶಾಲೆಯ ಆಡಳಿತದವರು ಜಗಲಿಯಲ್ಲಿ ಕೂತು, ನಿಮ್ಮಂಥವರೇ ಬೇಕು ಸರ್ ಎಂದು ಇಡೀ ಮಧ್ಯಾಹ್ನ ಹೊಗಳಿ ಹೋಗಿದ್ದರು. ಮಾಸ್ಟರು ಹೂಂ ಎಂದಿದ್ದರು. ಅಂಗಿಗಳಿಗೆ ಇಸ್ತ್ರಿಯಾಗಿತ್ತು. ಸೇರಬೇಕಾದ ಬೆಳಿಗ್ಗೆ ಎಚ್ಚರವಾದಾಗ ಬೆಲ್ಲು, ಅಸೆಂಬ್ಲಿ, ಪೋಷಕರು, ನೋಟಿಸು ಎಲ್ಲ ಒಟ್ಟಾಗಿ ಎದೆಯ ಮೇಲೆ ಕೂತ ಹಾಗಾಗಿ, ಮುಖಕ್ಕೆ ಹೊದಿಕೆ ಎಳೆದು, "ಜ್ವರ," ಎಂದಿದ್ದರು. ಶ್ರೀಮತಿ ಹಣೆಗೆ ಅಂಗೈಯಿಟ್ಟು, "ಹೌದು, ಸುಡ್ತಾ ಉಂಟು," ಎಂದು ತಾನೇ ಶಾಲೆಯವರಿಗೆ ಫೋನು ಮಾಡಿ ಹೇಳಿದ್ದಳು. ವೈರಲ್ ಅಂತೆ, ಕೂಡಲೇ ಬಿಡುವಂಥದ್ದಲ್ಲ ಅಂತೆ. ಅವಳನ್ನು ವಂಚಿಸಿದೆನಲ್ಲ ಎಂದು ಆಗಾಗ ಕಚ್ಚುತ್ತಿತ್ತು. ಅವಳ ಕೈಗೇ ಬಿಸಿ ತಾಗಿದೆ ಎಂದ ಮೇಲೆ ನಿಜಕ್ಕೂ ಜ್ವರ ಇದ್ದಿರಬೇಕೆಂದು ಅವರೇ ಮೆಲ್ಲಗೆ ನಂಬತೊಡಗಿದ್ದರು.

"ಹಣೆ ತಣ್ಣಗಿತ್ತು," ಎಂದಳು ಶ್ರೀಮತಿ.

ಒಳಗಿನ ಮೈಕು, ಈ ತಾಯಿಯ ಮೌನವೇ ಒಂದು ಮಹಾಕಾವ್ಯ ಎಂದಿತು. ತನ್ನನ್ನೇ ಕರೆದರೋ ಎಂಬಂತೆ ಮಾಸ್ಟರು ಆ ಕಡೆ ತಲೆಯೆತ್ತಿದರು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಇಷ್ಟು ಕಾಲ ಇವಳು ಗೊತ್ತಿದ್ದೂ ಆ ಜ್ವರಕ್ಕೆ ಗಂಜಿ ಬೇಯಿಸಿಕೊಟ್ಟಳಲ್ಲ ಎಂದುಕೊಂಡರು. ಅವಳು ಅವರ ಶಾಲನ್ನು ಹೆಗಲ ಮೇಲೆ ಸರಿಯಾಗಿ ಎಳೆದು ಕೂರಿಸಿ, "ಯಾರ ಹತ್ರವೂ ಹೇಳಿಲ್ಲ. ಶುಭಳಿಗೂ ಗೊತ್ತಿಲ್ಲ. ಹೋಗುವ, ಇನ್ನು ನನ್ನ ಭಾಷಣ ಉಂಟು," ಎಂದಳು.

ಅವಳ ಭಾಷಣ ಚೆನ್ನಾಗಿ ಬಂತು. ಈ ಸಲ ಮಾಸ್ಟರು ಕೊನೆಯವರೆಗೆ ಕೇಳಿದ್ದರು.

ಊಟಕ್ಕೆ ಎಲೆ ಹಾಕಿ ಕೂತಾಗ ಎದುರಿನ ಸಾಲಿನಲ್ಲಿ ಉಜಿರೆಯ ಕಾಲೇಜಿನ ಹುಡುಗಿಯರು ಬಂದು ಕೂತರು. ಪುಸ್ತಕವನ್ನು ನಿಜವಾಗಿ ಓದಿಕೊಂಡು ಬಂದವರೆಂದರೆ ಅವರೇ. ಹಾಳೆಗಳ ನಡುವೆ ಬಣ್ಣದ ಚೀಟಿಗಳು ಇಣುಕುತ್ತಿದ್ದವು. ಅವರಲ್ಲಿ ಮಾತುಗಾತಿಯಾಗಿದ್ದ ಶಹಲಾ ಎಂಬವಳು ಪಕ್ಕದವಳ ಮೊಣಕೈ ತಿವಿತಕ್ಕೂ ಜಗ್ಗದೆ ಕೇಳಿಯೇಬಿಟ್ಟಳು: "ಸರ್, ನೀವು ಮೇಡಂ ಅವರ ಮನೆಯವರಲ್ವಾ? ಬೇಜಾರು ಮಾಡ್ಬೇಡಿ ಸರ್. ಕಾದಂಬರಿಯಲ್ಲಿ ಆ ಹಾಡುವವರು... ಅದು ನೀವಾ?"

ಉಪ್ಪು ಬಡಿಸುವವನೂ ನಿಂತ. ಮಾಸ್ಟರ ಕೈಯಲ್ಲಿ ಹಪ್ಪಳವಿತ್ತು. ಅಲ್ಲ ಎಂದರೆ, ಮತ್ತೆ ಯಾರು ಎಂದು ಈ ಹುಡುಗಿ ಕೇಳದೆ ಬಿಡುವವಳಲ್ಲ. ಶಾಲು ಹೊದ್ದು ಹಪ್ಪಳ ಹಿಡಿದ ಒಬ್ಬ ನಿವೃತ್ತ ಮುಖ್ಯೋಪಾಧ್ಯಾಯ ಹತ್ತು ಹುಡುಗಿಯರ ಮುಂದೆ, ನಾನು ಅದರ ನಾಯಕಿ, ಎಂದು ಯಾವ ಬಾಯಿಂದ ಹೇಳುವುದು? ಹೇಳಿದರೆ ಕಪಾಟಿನ ಧೂಳು, ಪೋಸ್ಟಿನವನು, ಆ ತಣ್ಣಗಿನ ಹಣೆ, ಎಲ್ಲವೂ ಎಲೆಯ ಮೇಲೆ ಬಂದು ಬೀಳುತ್ತದೆ. ಅದಕ್ಕಿಂತ ನಾಯಿ ಎದ್ದು ಹೋದದ್ದೇ ವಾಸಿ. ಅವರು ಹಪ್ಪಳ ಕೆಳಗಿಟ್ಟರು.

"ಹೌದು," ಎಂದರು ಗತ್ತಿನಿಂದ. "ನಾನೇ ಅದು."

ಹುಡುಗಿಯರು ಹೋ ಎಂದರು. "ಹಾಗಾದ್ರೆ ಹಾಡಿ ಸರ್! ಬೆಳಿಗ್ಗೆ ಅಷ್ಟು ಬೇಗ ಮುಗಿಸಿಬಿಟ್ರಿ!" ಫೋನುಗಳು ಮೇಲೆದ್ದವು. ಮಾಸ್ಟರು ಶಾಲು ಸರಿಪಡಿಸಿ, ಅನ್ನದ ಮುಂದೆ ನೆಟ್ಟಗೆ ಕೂತು, ಕಣ್ಣು ಮುಚ್ಚಿ ಪಲ್ಲವಿ ಎತ್ತಿದರು. ದನಿ ಸ್ವಲ್ಪ ಮೇಲಾಯಿತು, ಯೇಕಾರ ಉದ್ದವಾಯಿತು. ಅದೆಲ್ಲ ಅವರಿಗೆ ಕೇಳಿಸಿತು, ಕೇಳಿಸಿದರೆ ಕೇಳಿಸಲಿ ಎನಿಸಿತು. ಮೊದಲ ಚರಣ ಮುಗಿದು ಆಲಾಪಕ್ಕೆ ಹೊರಡುವಾಗ ಪಾಯಸದ ಪಾತ್ರೆ ಬಂದು ಮರ್ಯಾದೆಗೆ ಕಾದು ನಿಂತದ್ದು, ಹಾಡಿನ ನಡುವೆ ಕೈ ಎತ್ತಿ ಅದನ್ನು ಕರೆಯಲಾರದೆ ಹುಡುಗಿಯರು ಕೂತದ್ದು, ಪಾತ್ರೆ ಕಾದು ಸಾಕಾಗಿ ಮುಂದೆ ಹೋದದ್ದು ಕಣ್ಣು ಮುಚ್ಚಿದ್ದ ಅವರ ಗಮನಕ್ಕೆ ಬರಲಿಲ್ಲ. ಸಾಲಿನ ತುದಿಯಿಂದ ಶ್ರೀಮತಿ ಬಡಿಸುವವನನ್ನು ಕೂಗಿ ಹೇಳಿದ್ದು ಮಾತ್ರ ಸ್ಪಷ್ಟವಾಗಿ ಕೇಳಿಸಿತು:

"ಏ ತಮ್ಮಾ, ಆ ಮಕ್ಕಳಿಗೆ ಈಗಲೇ ಬಡಿಸಿಬಿಡು. ಅವರದ್ದು ಇನ್ನೂ ಮೂರು ಚರಣ ಉಂಟು."

ಮಾಸ್ಟರು ಒಂದಿಷ್ಟೂ ಅವಸರ ಮಾಡದೆ ಎರಡನೆಯದನ್ನು ಶುರು ಮಾಡಿದರು.